‘ಎನರ್ಜೆಟಿಕ್’ ಅಂದರೆ ಏನು, ಎಲ್ಲಿ ಹೇಗೆ ಬಳಸಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಎನರ್ಜೆಟಿಕ್ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಒಂದೇ ಪದ ಬೇಕು ಅಂದರೆ ‘ಲವಲವಿಕೆಯ’ ಅಥವಾ ‘ಹುರುಪಿನ’. ನಿಘಂಟು ತೆರೆದರೆ ‘ಶಕ್ತಿಯುತ’, ‘ಚೈತನ್ಯಶೀಲ’ ಎಂಬ ಅರ್ಥಗಳು ಸಿಗುತ್ತವೆ. ಅವು ತಪ್ಪಲ್ಲ, ಆದರೆ ನಾಲಿಗೆಗೆ ಬರುವ ಮಾತುಗಳಲ್ಲ. ಎಂಬತ್ತು ದಾಟಿದ ಅಜ್ಜಿಯನ್ನು ಇಂಗ್ಲಿಷಿನವರು ಎನರ್ಜೆಟಿಕ್ ಅಂದರೆ, ನಾವು ‘ಅಜ್ಜಿ ಶಕ್ತಿಯುತರಾಗಿದ್ದಾರೆ’ ಅನ್ನುವುದಿಲ್ಲ. ‘ಅಜ್ಜಿ ಇನ್ನೂ ಲವಲವಿಕೆಯಿಂದ ಓಡಾಡಿಕೊಂಡಿದ್ದಾರೆ’ ಅನ್ನುತ್ತೇವೆ. ಇಂಗ್ಲಿಷು ಗುಣವಾಚಕದಲ್ಲಿ ಹೇಳಿ ಮುಗಿಸುವುದನ್ನು ಕನ್ನಡ ಕ್ರಿಯಾಪದದಲ್ಲಿ ಮಾಡಿ ತೋರಿಸುತ್ತದೆ. ಈ ಪದದ ಮಟ್ಟಿಗೆ ಕನ್ನಡದ ದಾರಿಯೇ ಸರಿಯಾದದ್ದು ಅಂತ ನನ್ನ ನಂಬಿಕೆ. ಯಾಕೆ ಅನ್ನುವುದು ಪದದ ಹುಟ್ಟಿನ ಕಥೆ ಹೇಳುವಾಗ ಗೊತ್ತಾಗುತ್ತದೆ.

ಲವಲವಿಕೆ, ಹುರುಪು, ಚುರುಕು, ಕಸುವು... ಇವುಗಳಲ್ಲಿ ಯಾವುದನ್ನು ಯಾವಾಗ ಬಳಸುವುದು?

ಯಾರ ಬಗ್ಗೆ, ಯಾವುದರ ಬಗ್ಗೆ ಹೇಳುತ್ತಿದ್ದೀರಿ ಅನ್ನುವುದರ ಮೇಲೆ ನಿಂತಿದೆ.

ಮಗುವಿನ ವಿಷಯಕ್ಕೆ ‘ಚುರುಕು’ ಅಂತ ಥಟ್ಟನೆ ಬಾಯಿಗೆ ಬರುತ್ತದೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಚುರುಕು ಅಂದಾಗ ಕನ್ನಡದಲ್ಲಿ ಬುದ್ಧಿಯೂ ಸೇರಿಕೊಳ್ಳುತ್ತದೆ, ‘ಚೂಟಿ’ ಅಂದರಂತೂ ಇನ್ನೂ ಹೆಚ್ಚು. ಎನರ್ಜೆಟಿಕ್‌ನಲ್ಲಿ ಬುದ್ಧಿಯ ಮಾತೇ ಇಲ್ಲ. ಕೈಕಾಲು ಸುಮ್ಮನಿರದ ಮಗು ಎಂದಷ್ಟೇ ಅದರ ಅರ್ಥ. ಹಾಗಾಗಿ ‘ಒಂದು ಕಡೆ ನಿಲ್ಲುವ ಮಗುವಲ್ಲ’ ಅಂದರೆ ಮೂಲಕ್ಕೆ ಹೆಚ್ಚು ಹತ್ತಿರ.

ಕೆಲಸ ಮಾಡುವವರಿಗೆ ‘ಹುರುಪು’ ಒಪ್ಪುತ್ತದೆ: ‘ಹೊಸದಾಗಿ ಬಂದವರು ಹುರುಪಿನಿಂದ ಕೆಲಸ ಹಿಡಿದಿದ್ದಾರೆ.’ ವಯಸ್ಸಾದವರಿಗೆ ಲವಲವಿಕೆ. ನಡಿಗೆ, ಕುಣಿತ, ಆಟಕ್ಕೆ ‘ಬಿರುಸಿನ’. ಇಂಗ್ಲಿಷಿನ ‘ಆನ್ ಎನರ್ಜೆಟಿಕ್ ವಾಕ್’ ನಮ್ಮ ‘ಬಿರುಸು ನಡಿಗೆ’. ಮೈಯ ಬಲವೇ ಮುಖ್ಯವಾದ ಕಡೆ ‘ಕಸುವು’. ಭಾಷಣ, ಬರಹಕ್ಕೆ ‘ಓಜಸ್ಸು’ ಅನ್ನುವ ಹಳೆಯ ಚೆಂದದ ಮಾತಿದೆ, ಈಗ ಅದನ್ನು ಬಳಸುವವರು ಕಡಿಮೆ. ‘ಹುಮ್ಮಸ್ಸು’ ಮಾತ್ರ ಇಲ್ಲಿ ಪೂರ್ತಿ ಹೊಂದುವುದಿಲ್ಲ. ಅದು ಮನಸ್ಸಿನೊಳಗೆ ಏಳುವ ಅಲೆ, ಎಂಥೂಸಿಯಾಸಮ್ ಅನ್ನುವ ಪದಕ್ಕೆ ಹತ್ತಿರದ್ದು.

ಉಚ್ಚಾರ ಹೇಗೆ?

‘ಎ-ನ-ಜೆ-ಟಿಕ್’. ಒತ್ತು ಬೀಳುವುದು ‘ಜೆ’ ಮೇಲೆ. ಬಹಳ ಜನ ತಪ್ಪುವುದು ಇಲ್ಲೇ. ‘ಎನರ್ಜಿ’ ಅನ್ನುವಾಗ ಒತ್ತು ಮೊದಲ ‘ಎ’ ಮೇಲೆ ಇರುತ್ತದೆ. ಅದೇ ರೂಢಿಯಲ್ಲಿ ಎನರ್ಜೆಟಿಕ್ ಅನ್ನುವಾಗಲೂ ಮೊದಲ ಅಕ್ಷರವನ್ನೇ ಒತ್ತಿಬಿಡುತ್ತೇವೆ. ‘ಇಕ್’ ಎಂದು ಕೊನೆಯಾಗುವ ಇಂಗ್ಲಿಷ್ ಪದಗಳಲ್ಲಿ ಸಾಮಾನ್ಯವಾಗಿ ಅದರ ಹಿಂದಿನ ಅಕ್ಷರಕ್ಕೇ ಒತ್ತು: ಸೈಂಟಿಫಿಕ್‌ನಲ್ಲಿ ‘ಟಿ’, ಫೆಂಟಾಸ್ಟಿಕ್‌ನಲ್ಲಿ ‘ಟಾ’. ಒಮ್ಮೆ ಕಿವಿಗೆ ಹಿಡಿಸಿದರೆ ನೂರಾರು ಪದಗಳು ತಾವಾಗಿ ಸರಿಹೋಗುತ್ತವೆ. ನಡುವಿನ ‘ಆರ್’ ಅಕ್ಷರವನ್ನು ಬ್ರಿಟಿಷರು ನುಂಗುತ್ತಾರೆ, ಅಮೆರಿಕನ್ನರು ಉಚ್ಚರಿಸುತ್ತಾರೆ. ಎರಡೂ ಸರಿ.

‘ಐ ಆಮ್ ವೆರಿ ಎನರ್ಜಿ ಟುಡೇ’ ಅನ್ನಬಹುದೇ?

ಅನ್ನಬಾರದು. ಎನರ್ಜಿ ನಾಮಪದ, ಎನರ್ಜೆಟಿಕ್ ಗುಣವಾಚಕ. ‘ಐ ಆಮ್ ವೆರಿ’ ಆದಮೇಲೆ ಗುಣವಾಚಕ ಬರಬೇಕು.

ಈ ತಪ್ಪು ಎಲ್ಲಿಂದ ಬರುತ್ತದೆ ಅಂತ ನೋಡಿದರೆ ಅದನ್ನು ಬಿಡುವುದು ಸುಲಭ. ಕನ್ನಡದಲ್ಲಿ ‘ನನಗೆ ಇವತ್ತು ತುಂಬಾ ಎನರ್ಜಿ ಇದೆ’ ಅನ್ನುತ್ತೇವೆ. ಅಲ್ಲಿ ಎನರ್ಜಿ ನನ್ನ ಹತ್ತಿರ ಇರುವ ವಸ್ತು, ನಾನೇ ಎನರ್ಜಿ ಅಲ್ಲ. ಅದನ್ನು ಹಾಗೆಯೇ ಇಂಗ್ಲಿಷಿಗೆ ತಂದರೆ ‘ಐ ಹ್ಯಾವ್ ಎ ಲಾಟ್ ಆಫ್ ಎನರ್ಜಿ ಟುಡೇ’ ಆಗುತ್ತದೆ, ಅದು ಸರಿಯಾದ ಇಂಗ್ಲಿಷೇ. ‘ನಾನು’ ಎಂದು ಶುರು ಮಾಡಿ ‘ಆಮ್’ ಹಾಕಿದ ಕೂಡಲೇ ಎನರ್ಜೆಟಿಕ್‌ಗೆ ಹೋಗಬೇಕು.

ಎನರ್ಜಿ ಡ್ರಿಂಕನ್ನು ಎನರ್ಜೆಟಿಕ್ ಡ್ರಿಂಕ್ ಅನ್ನಬಹುದೇ?

ಬೇಡ. ಪಾನೀಯ ತಾನು ಓಡಾಡುವುದಿಲ್ಲ, ಕುಡಿದವರಿಗೆ ಶಕ್ತಿ ಕೊಡುತ್ತದೆ ಅಷ್ಟೇ. ‘ಎನರ್ಜೆಟಿಕ್ ಫುಡ್’ ಕೂಡ ಹಾಗೆಯೇ ತಪ್ಪು. ‘ಎನರ್ಜಿ ರಿಚ್ ಫುಡ್’ ಅನ್ನಿ.

ಹಾಗಾದರೆ ಎನರ್ಜೈಸಿಂಗ್, ಎನರ್ಜೈಸ್ಡ್ ಅಂದರೆ?

ಕೊಡುವುದು ಎನರ್ಜೈಸಿಂಗ್, ಪಡೆದುಕೊಂಡದ್ದು ಎನರ್ಜೈಸ್ಡ್, ತನ್ನಲ್ಲೇ ಇಟ್ಟುಕೊಂಡು ಖರ್ಚು ಮಾಡುತ್ತಿರುವುದು ಎನರ್ಜೆಟಿಕ್. ಬೆಳಗಿನ ತಂಗಾಳಿಯಲ್ಲಿ ಅರ್ಧ ಗಂಟೆ ನಡೆದು ಬಂದಿರಿ ಅನ್ನೋಣ. ಆ ನಡಿಗೆ ಎನರ್ಜೈಸಿಂಗ್. ಬಂದು ಕೂತಾಗ ಮೈಗೆ ಹೊಸ ಜೀವ ಬಂದ ಹಾಗಿದ್ದರೆ ನೀವು ಎನರ್ಜೈಸ್ಡ್. ಆಮೇಲೆ ದಿನವಿಡೀ ಒಂದರ ಹಿಂದೆ ಒಂದು ಕೆಲಸ ಮಾಡಿದರೆ, ನೋಡಿದವರು ನಿಮ್ಮನ್ನು ಎನರ್ಜೆಟಿಕ್ ಅನ್ನುತ್ತಾರೆ.

ಒಂದು ಮಾತು ಮರೆಯಬೇಡಿ. ವಿದ್ಯುತ್ತಿನ ಕೆಲಸದಲ್ಲಿ ‘ಎನರ್ಜೈಸ್ಡ್’ ಅಂದರೆ ವಿದ್ಯುತ್ ಸಂಪರ್ಕ ಇದೆ, ಮುಟ್ಟಿದರೆ ಜೀವಕ್ಕೆ ಅಪಾಯ ಎಂದರ್ಥ. ತಂತಿಯ ಮೇಲೆ, ಪೆಟ್ಟಿಗೆಯ ಮೇಲೆ ಆ ಪದ ಕಂಡರೆ ದೂರ ಸರಿಯಿರಿ. ಅಂಥ ಫಲಕವನ್ನು ಕನ್ನಡಕ್ಕೆ ತರುವಾಗ ‘ವಿದ್ಯುತ್ ಹರಿಯುತ್ತಿದೆ, ಮುಟ್ಟಬೇಡಿ’ ಅಂತಲೇ ಬರೆಯಬೇಕು. ‘ಶಕ್ತಿ ತುಂಬಿದೆ’ ಎಂದರೆ ಓದಿದವರಿಗೆ ಅಪಾಯ ತಿಳಿಯುವುದಿಲ್ಲ.

‘ಎನರ್ವೇಟ್’ ಕೂಡ ಇದೇ ಕುಟುಂಬದ್ದೇ?

ಅಲ್ಲ. ಪೂರ್ತಿ ಉಲ್ಟಾ ಅರ್ಥದ್ದು.

ಒಂದು ಅನುವಾದದ ಕರಡು ತಿದ್ದುವಾಗ ‘ಹುರುಪು ತುಂಬುವ ಬೇಸಿಗೆಯ ಸೆಕೆ’ ಎಂಬ ಸಾಲು ಕಂಡು ನಿಂತೆ. ಸೆಕೆ ಹುರುಪು ತುಂಬುವುದು ಎಲ್ಲಿಯಾದರೂ ಉಂಟೇ? ಮೂಲ ತೆಗೆದು ನೋಡಿದರೆ ‘ಎನರ್ವೇಟಿಂಗ್ ಹೀಟ್’ ಎಂದಿತ್ತು. ಎನರ್ವೇಟ್ ಬಂದದ್ದು ಲ್ಯಾಟಿನ್‌ನಿಂದ. ‘ಎ’ ಅಂದರೆ ಹೊರಕ್ಕೆ, ‘ನೆರ್ವಸ್’ ಅಂದರೆ ಸ್ನಾಯುವಿನ ನಾರು. ನಾರನ್ನೇ ಎಳೆದು ತೆಗೆದ ಹಾಗೆ ಮೈ ಸೋತುಹೋಗುವುದು ಅದರ ಅರ್ಥ. ‘ಜೀವ ಹಿಂಡುವ ಸೆಕೆ’ ಎಂದು ತಿದ್ದಿದೆವು. ಇಂಗ್ಲಿಷನ್ನೇ ಮಾತಾಡಿಕೊಂಡು ಬೆಳೆದವರು ಕೂಡ ಇಲ್ಲಿ ಎಡವುತ್ತಾರೆ. ಎರಡು ಪದಗಳ ಆರಂಭ ಕಿವಿಗೆ ಅಷ್ಟು ಒಂದೇ ಥರ ಕೇಳಿಸುತ್ತದೆ.

ಈ ಪದ ಹುಟ್ಟಿದ್ದು ಎಲ್ಲಿ?

ಗ್ರೀಕ್‌ನಲ್ಲಿ. ‘ಎನ್’ ಅಂದರೆ ಒಳಗೆ, ‘ಎರ್ಗಾನ್’ ಅಂದರೆ ಕೆಲಸ. ಎರಡೂ ಸೇರಿ ‘ಎನೆರ್ಗೆಯಾ’: ಕೆಲಸದಲ್ಲಿ ತೊಡಗಿರುವ ಸ್ಥಿತಿ. ಇದಕ್ಕೆ ತತ್ವಶಾಸ್ತ್ರದಲ್ಲಿ ದೊಡ್ಡ ಸ್ಥಾನ ಕೊಟ್ಟವನು ಕ್ರಿ.ಪೂ. 4ನೇ ಶತಮಾನದ ಅರಿಸ್ಟಾಟಲ್. ಅವನು ಎರಡು ಪದಗಳನ್ನು ಎದುರುಬದುರು ನಿಲ್ಲಿಸಿದ. ‘ಡ್ಯುನಾಮಿಸ್’ ಅಂದರೆ ಮಾಡಬಲ್ಲ ಸಾಮರ್ಥ್ಯ, ‘ಎನೆರ್ಗೆಯಾ’ ಅಂದರೆ ಮಾಡುತ್ತಿರುವುದು. ಅವನು ಕೊಟ್ಟ ಉದಾಹರಣೆಗಳು ಇವತ್ತಿಗೂ ಮನಸ್ಸಿನಲ್ಲಿ ಉಳಿಯುತ್ತವೆ. ಮನೆ ಕಟ್ಟಲು ಬರುವವನಿಗೂ ಮನೆ ಕಟ್ಟುತ್ತಿರುವವನಿಗೂ ಇರುವ ವ್ಯತ್ಯಾಸ, ಮಲಗಿದವನಿಗೂ ಎಚ್ಚರವಾಗಿರುವವನಿಗೂ ಇರುವ ವ್ಯತ್ಯಾಸ, ಕಣ್ಣು ಚೆನ್ನಾಗಿದ್ದೂ ರೆಪ್ಪೆ ಮುಚ್ಚಿದವನಿಗೂ ಕಣ್ಣು ಬಿಟ್ಟು ನೋಡುತ್ತಿರುವವನಿಗೂ ಇರುವ ವ್ಯತ್ಯಾಸ.

ಎನರ್ಜೆಟಿಕ್ ಅನ್ನುವ ಮಾತಿಗೆ ಇಂದಿಗೂ ಆ ಹುಟ್ಟುಗುಣ ಬಿಟ್ಟಿಲ್ಲ. ಒಳಗೆ ಬೆಟ್ಟದಷ್ಟು ಬಲವಿದ್ದು ಮೂಲೆಯಲ್ಲಿ ಕೂತಿರುವವನನ್ನು ಯಾರೂ ಎನರ್ಜೆಟಿಕ್ ಅನ್ನುವುದಿಲ್ಲ. ಸ್ಟ್ರಾಂಗ್ ಅನ್ನಬಹುದು. ಎನರ್ಜೆಟಿಕ್ ಅನ್ನಿಸಿಕೊಳ್ಳಲು ಎದ್ದು ಓಡಾಡಬೇಕು. ಕನ್ನಡ ಇದನ್ನು ಕ್ರಿಯಾಪದದಲ್ಲಿ ಹೇಳುವುದೇ ಸರಿ ಅಂತ ಮೊದಲು ಹೇಳಿದ್ದು ಇದಕ್ಕೇ.

ಅಲ್ಲಿಂದ ಲ್ಯಾಟಿನ್, ಫ್ರೆಂಚ್ ಹಾದು ಎನರ್ಜಿ ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದ ಕೊನೆಯ ಹೊತ್ತಿಗೆ. ಆಗ ಅದು ವಿಜ್ಞಾನದ ಪದವಲ್ಲ. ಮಾತಿನಲ್ಲಿ, ಬರಹದಲ್ಲಿ ಇರುವ ಕಸುವಿಗೆ ಎನರ್ಜಿ ಅನ್ನುತ್ತಿದ್ದರು. ಎನರ್ಜೆಟಿಕ್ ಬಂದದ್ದು 17ನೇ ಶತಮಾನದಲ್ಲಿ.

‘ಎರ್ಗಾನ್’ನಿಂದ ಬಂದ ಬೇರೆ ಪದಗಳೂ ಇವೆಯೇ?

ಈ ಪ್ರಶ್ನೆ ಯಾರಾದರೂ ಕೇಳಲಿ ಅಂತ ಕಾಯುತ್ತಿರುತ್ತೇನೆ. ದಿನಾ ಬಳಸುವ ಎಷ್ಟೋ ಪದಗಳ ಹೊಟ್ಟೆಯಲ್ಲಿ ಈ ‘ಕೆಲಸ’ ಅಡಗಿ ಕೂತಿದೆ.

ಸರ್ಜರಿ ಅಂದರೆ ಗ್ರೀಕ್ ಮೂಲದಲ್ಲಿ ‘ಕೈಕೆಲಸ’. ಜಾರ್ಜ್ ಎಂಬ ಹೆಸರಿನ ಅರ್ಥ ‘ಮಣ್ಣಿನಲ್ಲಿ ಕೆಲಸ ಮಾಡುವವನು’, ಅಂದರೆ ನಮ್ಮ ರೈತ. ಅಲರ್ಜಿ ಅನ್ನುವ ಪದವನ್ನು 1906ರಲ್ಲಿ ಕಟ್ಟಿದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ‘ಅಲ್ಲೋಸ್’ ಅಂದರೆ ಬೇರೆ, ಅದಕ್ಕೆ ‘ಎರ್ಗಾನ್’ ಸೇರಿಸಿದರು. ಮೈ ಎಂದಿನಂತಲ್ಲದೆ ಬೇರೆ ಥರ ಕೆಲಸ ಮಾಡುವುದು ಅಲರ್ಜಿ. ಶಕ್ತಿಯನ್ನು ಅಳೆಯುವ ಹಳೆಯ ಸಣ್ಣ ಮಾನ ‘ಎರ್ಗ್’ ಕೂಡ ಇದರದ್ದೇ ತುಂಡು. 1 ಕೋಟಿ ಎರ್ಗ್ ಸೇರಿದರೆ ಇಂದಿನ ಮಾನವಾದ 1 ಜೌಲ್.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆರ್ಗಾನ್ ಅನಿಲದ ಹೆಸರು. 1894ರಲ್ಲಿ ಲಾರ್ಡ್ ರೇಲೀ ಮತ್ತು ವಿಲಿಯಂ ರಾಮ್ಸೆ ಗಾಳಿಯಿಂದ ಈ ಅನಿಲವನ್ನು ಬೇರ್ಪಡಿಸಿದಾಗ ಅದು ಯಾವುದರ ಜೊತೆಗೂ ಸೇರಲು ಒಪ್ಪಲಿಲ್ಲ. ಯಾವ ಕೆಲಸವನ್ನೂ ಮಾಡದ್ದು ಅಂತ ‘ಅ-ಎರ್ಗಾನ್’ ಇಂದ ಆರ್ಗಾನ್ ಎಂದು ಕರೆದರು. ‘ಅ’ ಸೇರಿಸಿ ಇಲ್ಲ ಅನ್ನುವುದು ನಮಗೂ ಗೊತ್ತಿರುವ ದಾರಿಯೇ: ಧರ್ಮ, ಅಧರ್ಮ. ಎನರ್ಜಿ, ಆರ್ಗಾನ್ ಎರಡೂ ಒಂದೇ ತಾಯಿಯ ಮಕ್ಕಳು, ಒಂದು ದುಡಿಯುವುದು, ಇನ್ನೊಂದು ಸುಮ್ಮನೆ ಕೂರುವುದು.

ಇಂಗ್ಲಿಷಿನ ‘ವರ್ಕ್’ ಕೂಡ ದೂರದ ನೆಂಟ. ಗ್ರೀಕ್‌ನ ಎರ್ಗಾನ್, ಇಂಗ್ಲಿಷಿನ ವರ್ಕ್ ಒಂದೇ ಪ್ರಾಚೀನ ಬೇರಿನಿಂದ ಕವಲೊಡೆದವು.

ಎನರ್ಜಿ ವಿಜ್ಞಾನದ ಪದ ಆದದ್ದು ಯಾವಾಗ?

1807ರಲ್ಲಿ ಅಚ್ಚಾದ ಉಪನ್ಯಾಸಗಳಲ್ಲಿ ಇಂಗ್ಲೆಂಡಿನ ಥಾಮಸ್ ಯಂಗ್ ಈ ಪದವನ್ನು ಭೌತಶಾಸ್ತ್ರಕ್ಕೆ ತಂದರು. ಚಲಿಸುವ ವಸ್ತುವಿನ ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿದರೆ ಬರುವುದಕ್ಕೆ ಎನರ್ಜಿ ಅಂದರು. ಅಲ್ಲಿಯವರೆಗೆ ಅದಕ್ಕೆ ಜರ್ಮನಿಯ ತತ್ವಜ್ಞಾನಿ ಲೈಬ್ನಿಜ್ ಕೊಟ್ಟ ‘ವಿಸ್ ವೀವಾ’, ಅಂದರೆ ಜೀವಂತ ಬಲ, ಎಂಬ ಹೆಸರಿತ್ತು. ಮುಂದೆ ಅದರ ಅರ್ಧವನ್ನು ತೆಗೆದುಕೊಂಡರೆ ಲೆಕ್ಕ ಸರಿಹೋಗುತ್ತದೆ ಎಂದು ತಿಳಿದು, ಅದು ಇವತ್ತು ಶಾಲೆಯಲ್ಲಿ ಕಲಿಯುವ ಚಲನ ಶಕ್ತಿಯ ಸೂತ್ರವಾಯಿತು.

1853ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ರಾಂಕಿನ್ ‘ಪೊಟೆನ್ಷಿಯಲ್ ಎನರ್ಜಿ’ ಅನ್ನುವ ಜೋಡಿಪದ ತಂದರು. ಅಟ್ಟದ ಮೇಲಿಟ್ಟ ಕಲ್ಲಿನಲ್ಲಿ, ಎಳೆದು ಹಿಡಿದ ಬಿಲ್ಲಿನಲ್ಲಿ ಇರುವಂಥದ್ದು. ಕನ್ನಡ ಪಠ್ಯಪುಸ್ತಕಗಳು ಇದನ್ನು ‘ಪ್ರಚ್ಛನ್ನ ಶಕ್ತಿ’ ಅನ್ನುತ್ತವೆ, ಅಡಗಿ ಕೂತ ಶಕ್ತಿ. ಅರಿಸ್ಟಾಟಲ್ ಇದನ್ನು ಕೇಳಿದ್ದರೆ ತಲೆ ಎತ್ತಿ ನೋಡುತ್ತಿದ್ದನೇನೋ. ಅವನ ಲೆಕ್ಕದಲ್ಲಿ ‘ಪೊಟೆನ್ಷಿಯಲ್’, ಅಂದರೆ ‘ಡ್ಯುನಾಮಿಸ್’, ಮತ್ತು ‘ಎನೆರ್ಗೆಯಾ’ ಒಂದಕ್ಕೊಂದು ಎದುರು ನಿಂತ ಪದಗಳು. ವಿಜ್ಞಾನ ಎರಡಕ್ಕೂ ಮದುವೆ ಮಾಡಿಸಿತು.

ವಿಜ್ಞಾನದ ಸುದ್ದಿಗಳಲ್ಲಿ ‘ಎನರ್ಜೆಟಿಕ್ ಪಾರ್ಟಿಕಲ್’ ಅಂತ ಬರುತ್ತದಲ್ಲ, ಕಣಕ್ಕೂ ಲವಲವಿಕೆಯೇ?

ಅಲ್ಲಿ ಲವಲವಿಕೆ ಎಂದು ಅನುವಾದಿಸಬಾರದು. ‘ಅಧಿಕ ಶಕ್ತಿಯ ಕಣ’ ಅನ್ನಬೇಕು. ಮನುಷ್ಯರ ವಿಷಯದಲ್ಲಿ ಎನರ್ಜೆಟಿಕ್ ಒಂದು ಅಂದಾಜು, ಕಣದ ವಿಷಯದಲ್ಲಿ ಅದು ಅಂಕಿಯಲ್ಲಿ ಬರೆಯಬಹುದಾದ ಅಳತೆ.

ಎಷ್ಟರ ಮಟ್ಟಿಗೆ ಎಂದರೆ, 1991ರ ಅಕ್ಟೋಬರ್ 15ರಂದು ಅಮೆರಿಕದ ಯೂಟಾದಲ್ಲಿ ಆಕಾಶದಿಂದ ಬಂದ ಒಂದು ಕಾಸ್ಮಿಕ್ ಕಿರಣದ ಕಣ ದಾಖಲಾಯಿತು. ವಿಜ್ಞಾನಿಗಳು ಅದನ್ನು ‘ಓ ಮೈ ಗಾಡ್’ ಕಣ ಎಂದು ಕರೆದರು. ಅದರ ಶಕ್ತಿ ಸುಮಾರು 50 ಜೌಲ್. ಐದು ಕಿಲೋ ತೂಕದ ಚೀಲವನ್ನು ನೆಲದಿಂದ ಒಂದು ಮೀಟರ್ ಎತ್ತಿ ನೋಡಿ. ಕೈಗೆ ತಿಳಿಯುವ ಆ ಭಾರವನ್ನು ಎತ್ತಲು ಬೇಕಾದಷ್ಟು ಶಕ್ತಿ, ಸೂಕ್ಷ್ಮದರ್ಶಕಕ್ಕೂ ಕಾಣದ ಒಂದೇ ಒಂದು ಕಣದಲ್ಲಿ ಇತ್ತು. ಜಿನೀವಾ ಬಳಿ ಇರುವ, ಕಣಗಳನ್ನು ಅತಿ ವೇಗದಲ್ಲಿ ಓಡಿಸುವ ದೊಡ್ಡ ವೇಗವರ್ಧಕ ಯಂತ್ರದಲ್ಲಿ ಓಡುವ ಪ್ರೋಟಾನಿನ ಶಕ್ತಿಗೆ ಹೋಲಿಸಿದರೆ ಅದು 4 ಕೋಟಿ ಪಟ್ಟಿಗಿಂತ ಹೆಚ್ಚು. ಎನರ್ಜೆಟಿಕ್ ಅನ್ನುವ ಪದ ಇಷ್ಟು ದೊಡ್ಡ ಭಾರ ಹೊತ್ತ ಇನ್ನೊಂದು ಕಡೆ ನನಗೆ ಗೊತ್ತಿಲ್ಲ.

‘ಎನರ್ಜೆಟಿಕ್ ಮೆಟೀರಿಯಲ್ಸ್’ ಅಂದರೆ?

ಸ್ಫೋಟಕಗಳು, ರಾಕೆಟ್ ಇಂಧನ ಮುಂತಾದವು. ಒಳಗೆ ಕಟ್ಟಿಟ್ಟ ರಾಸಾಯನಿಕ ಶಕ್ತಿಯನ್ನು ಬಲುಬೇಗ ಬಿಡುವ ವಸ್ತುಗಳು.

ಎನರ್ಜೆಟಿಕ್, ಆಕ್ಟಿವ್, ಎಂಥೂಸಿಯಾಸ್ಟಿಕ್, ಡೈನಮಿಕ್, ವಿಗರಸ್: ವ್ಯತ್ಯಾಸ ಏನು?

ಎಂಥೂಸಿಯಾಸ್ಟಿಕ್ ಮನಸ್ಸಿನದು. ಅದರ ಗ್ರೀಕ್ ಬೇರು ‘ಒಳಗೆ ದೇವರು ಬಂದಿರುವ’ ಎಂದು ಹೇಳುತ್ತದೆ, ನಮ್ಮ ‘ಮೈದುಂಬುವುದು’ ಇದ್ದ ಹಾಗೆ. ಕಾಲು ಮುರಿದು ಹಾಸಿಗೆಯಲ್ಲಿ ಮಲಗಿದವರೂ ಆಟದ ಬಗ್ಗೆ ಎಂಥೂಸಿಯಾಸ್ಟಿಕ್ ಆಗಿರಬಹುದು, ಎನರ್ಜೆಟಿಕ್ ಆಗಿರಲಾರರು. ಅದೇ ಥರ, ಇಷ್ಟವಿಲ್ಲದ ಕೆಲಸವನ್ನೂ ದಣಿಯದೆ ಮಾಡಿ ಮುಗಿಸುವ ಎನರ್ಜೆಟಿಕ್ ಜನ ಇದ್ದಾರೆ.

ಆಕ್ಟಿವ್ ಅಂದರೆ ಕೆಲಸದಲ್ಲಿ ಇದ್ದಾರೆ ಎಂದಷ್ಟೇ, ಎಷ್ಟು ಬಿರುಸಾಗಿ ಅನ್ನುವುದನ್ನು ಅದು ಹೇಳುವುದಿಲ್ಲ. ವಿಗರಸ್‌ನಲ್ಲಿ ಬಲ ಹಾಕುವುದು ಮುಖ್ಯ: ಬಟ್ಟೆಯನ್ನು ಕುಕ್ಕಿ ಕುಕ್ಕಿ ಒಗೆಯುವುದು ವಿಗರಸ್. ಡೈನಮಿಕ್ ಅನ್ನಿಸಿಕೊಳ್ಳುವವರು ತಾವು ಓಡಾಡುವುದಷ್ಟೇ ಅಲ್ಲ, ಸುತ್ತಲಿನದನ್ನೂ ಬದಲಾಯಿಸುತ್ತಾರೆ. ಈ ಪದ ಅರಿಸ್ಟಾಟಲನ ಡ್ಯುನಾಮಿಸ್‌ನ ಮೊಮ್ಮಗು. ಹೈಪರ್ ಅಂದರೆ ಹದ ಮೀರಿದೆ ಎಂಬ ದೂರು.

ಎನರ್ಜೆಟಿಕ್ ಯಾವಾಗಲೂ ಹೊಗಳಿಕೆಯೇ?

ಹೆಚ್ಚಿನಂಶ ಹೌದು. ಎರಡು ಕಡೆ ಮಾತ್ರ ಕಿವಿ ನಿಮಿರಿಸಿ ಕೇಳಬೇಕು. ಮಗುವಿನ ವರದಿಯಲ್ಲಿ ಟೀಚರ್ ‘ವೆರಿ ಎನರ್ಜೆಟಿಕ್’ ಎಂದಷ್ಟೇ ಬರೆದು ಬೇರೇನೂ ಹೇಳದಿದ್ದರೆ, ತರಗತಿಯಲ್ಲಿ ಕೂರಿಸುವುದು ಕಷ್ಟವಾಗಿದೆ ಎಂಬುದನ್ನು ನಯವಾಗಿ ತಿಳಿಸಿರಬಹುದು. ಇನ್ನೊಂದು, ‘ಎನರ್ಜೆಟಿಕ್ ಫಾರ್ ಹರ್ ಏಜ್’. ಆ ವಯಸ್ಸಿಗೆ ಪರವಾಗಿಲ್ಲ ಅನ್ನುವ ಬಾಲ ಅಂಟಿಕೊಂಡರೆ ಹೊಗಳಿಕೆ ಅರ್ಧ ಇಳಿದುಹೋಗುತ್ತದೆ. ಹಿರಿಯರ ಬಗ್ಗೆ ಬರೆಯುವಾಗ ಆ ಬಾಲವನ್ನು ದಯವಿಟ್ಟು ಕತ್ತರಿಸಿ. ‘ಶಿ ಈಸ್ ಎನರ್ಜೆಟಿಕ್’ ಸಾಕು.

ಕೆಲಸದ ಅರ್ಜಿಯಲ್ಲಿ ‘ಐ ಆಮ್ ಆನ್ ಎನರ್ಜೆಟಿಕ್ ಪರ್ಸನ್’ ಎಂದು ಬರೆಯಲೇ?

ವ್ಯಾಕರಣ ಸರಿ, ಆದರೆ ಬರೆಯದಿದ್ದರೇ ಒಳ್ಳೆಯದು. ಓದುವವರು ಆ ಸಾಲನ್ನು ಅದೆಷ್ಟೋ ಅರ್ಜಿಗಳಲ್ಲಿ ನೋಡಿರುತ್ತಾರೆ. ಮಾಡಿದ್ದನ್ನು ಬರೆಯಿರಿ. ಹಗಲು ಕೆಲಸ ಮಾಡಿಕೊಂಡೇ ಸಂಜೆ ತರಗತಿಗೆ ಹೋಗಿ ಪದವಿ ಮುಗಿಸಿದ್ದೀರಿ ಅನ್ನುವ ಒಂದು ಸಾಲು ಇದ್ದರೆ, ಎನರ್ಜೆಟಿಕ್ ಅನ್ನುವ ಪದ ಓದುವವರ ಮನಸ್ಸಿನಲ್ಲಿ ತಾನಾಗಿ ಮೂಡುತ್ತದೆ. ‘ಆನ್’ ಮಾತ್ರ ಮರೆಯಬೇಡಿ. ಸ್ವರದ ಸದ್ದಿನಿಂದ ಶುರುವಾಗುವ ಪದದ ಹಿಂದೆ ‘ಎ’ ಬರುವುದಿಲ್ಲ.

ಕ್ರಿಯಾವಿಶೇಷಣ ಹೇಗೆ ಮಾಡುವುದು?

ಎನರ್ಜೆಟಿಕಲಿ. ಬರೆಯುವಾಗ ‘ಸಿ’ ಆದಮೇಲೆ ‘ಎ, ಎಲ್, ಎಲ್, ವೈ’ ಬರಬೇಕು. ಬಾಯಲ್ಲಿ ಆ ‘ಎ’ ಕೇಳಿಸುವುದಿಲ್ಲವಾದ್ದರಿಂದ ಬರೆಯುವಾಗ ಕೈ ಅದನ್ನು ಬಿಟ್ಟುಬಿಡುತ್ತದೆ. ಇನ್ನೊಂದು ಬಳಕೆ ಗಮನಿಸಿ: ‘ಹಿ ಎನರ್ಜೆಟಿಕಲಿ ಡಿನೈಡ್ ಇಟ್’ ಅಂದರೆ ಲವಲವಿಕೆಯಿಂದ ನಿರಾಕರಿಸಿದ ಅಂತಲ್ಲ, ‘ಖಡಾಖಂಡಿತವಾಗಿ ಇಲ್ಲ ಎಂದ’ ಅಂತ. ಹೋಲಿಸುವಾಗ ‘ಮೋರ್ ಎನರ್ಜೆಟಿಕ್’.

ವಿರುದ್ಧ ಪದಗಳು ಯಾವುವು?

ಲೆಥಾರ್ಜಿಕ್, ಸ್ಲಗ್ಗಿಶ್, ಲಿಸ್ಟ್‌ಲೆಸ್. ಮೂರೂ ಒಂದೇ ಅಲ್ಲ.

ಲೆಥಾರ್ಜಿಕ್ ಅಂದರೆ ಮಂಪರು ಹಿಡಿದ ಜಡತನ. ಗ್ರೀಕ್‌ನಲ್ಲಿ ‘ಲೆಥೆ’ ಮರೆವು, ಉಳಿದದ್ದು ಆರ್ಗಾನ್ ಅನಿಲದಲ್ಲಿ ಕಂಡ ಅದೇ ‘ಕೆಲಸವಿಲ್ಲದ’. ಸ್ಲಗ್ಗಿಶ್ ನಿಧಾನಕ್ಕೆ ಸಂಬಂಧಿಸಿದ್ದು, ಯಂತ್ರಕ್ಕೂ ವ್ಯಾಪಾರಕ್ಕೂ ಹೇಳಬಹುದು. ಸ್ಲಗ್ ಅಂದರೆ ಚಿಪ್ಪಿಲ್ಲದ ಬಸವನಹುಳು ಅಂತ ಗೊತ್ತಲ್ಲ, ಆದರೆ ಇಂಗ್ಲಿಷಿನಲ್ಲಿ ಸೋಮಾರಿ ಮನುಷ್ಯನಿಗೆ ಆ ಹೆಸರು ಮೊದಲು ಇತ್ತು, ಹುಳುವಿಗೆ ಬಂದದ್ದು ಆಮೇಲೆ. ಲಿಸ್ಟ್‌ಲೆಸ್‌ನಲ್ಲಿರುವ ‘ಲಿಸ್ಟ್’ ಪಟ್ಟಿಯಲ್ಲ, ಬಯಕೆ ಎಂಬ ಹಳೆಯ ಪದ. ಯಾವುದರ ಮೇಲೂ ಮನಸ್ಸಿಲ್ಲದೆ, ಊಟವೂ ಬೇಡ ಮಾತೂ ಬೇಡ ಎಂದು ಕೂತಿರುವುದು. ಮಗುವಿಗೆ ಜ್ವರ ಬಂದಾಗ ವೈದ್ಯರು ಈ ಪದ ಬಳಸಿದರೆ ಅದನ್ನು ಸೋಮಾರಿತನ ಎಂದುಕೊಳ್ಳಬೇಡಿ.

‘ಪಾಸಿಟಿವ್ ಎನರ್ಜಿ’ ಅನ್ನುವುದೂ ಇದೇ ಎನರ್ಜಿಯೇ?

ಪದ ಅದೇ, ಅರ್ಥ ಬೇರೆ. ‘ಆ ಮನೆಗೆ ಹೋದರೆ ಪಾಸಿಟಿವ್ ಎನರ್ಜಿ’ ಅಂದಾಗ ಅಲ್ಲಿನ ವಾತಾವರಣ ಮನಸ್ಸಿಗೆ ಹಿತವಾಗಿದೆ ಎಂದು ಹೇಳುತ್ತಿದ್ದೇವೆ. ಅದನ್ನು ಜೌಲ್‌ನಲ್ಲಿ ಅಳೆಯಲಾಗದು, ಅಳೆಯುವ ಅಗತ್ಯವೂ ಇಲ್ಲ. ತೊಂದರೆಯಾಗುವುದು ಆ ಅನುಭವಕ್ಕೆ ಭೌತಶಾಸ್ತ್ರದ ಹೆಸರು ಹೇಳಿ ಔಷಧಿಯಂತೆ ಮಾರುವಾಗ. ಒಳ್ಳೆಯ ಮನೆಗೆ ‘ನೆಮ್ಮದಿ’ ಅನ್ನುವ ನಮ್ಮ ಪದವೇ ಸಾಕು.

ಕನ್ನಡದಲ್ಲಿ ಬರೆಯುವಾಗ ‘ಎನರ್ಜೆಟಿಕ್’ ಅಂತಲೇ ಇಟ್ಟುಕೊಳ್ಳಬಹುದೇ?

ಮಾತಿನಲ್ಲಿ ಹೇಗೂ ಇದೆ, ಇರಲಿ. ಸಂಭಾಷಣೆ ಬರೆಯುವಾಗಲೂ ಅದನ್ನು ತಿದ್ದಿದರೆ ಕೃತಕವಾಗುತ್ತದೆ. ಆದರೆ ನೀವೇ ನಿಮ್ಮ ದನಿಯಲ್ಲಿ ಒಬ್ಬರನ್ನು ವರ್ಣಿಸುತ್ತಿರುವಾಗ ಒಂದು ಗಳಿಗೆ ನಿಂತು, ಅವರು ಏನು ಮಾಡುತ್ತಿದ್ದಾರೆ ಅಂತ ನೋಡಿ. ‘ಅಜ್ಜಿ ತುಂಬಾ ಎನರ್ಜೆಟಿಕ್’ ಅಂತ ಬರೆಯಲು ಹೊರಟಿದ್ದೀರಿ ಅಂದುಕೊಳ್ಳಿ. ಅವರು ಬೆಳಕು ಹರಿಯುವ ಮೊದಲೇ ಎದ್ದು ಅಂಗಳ ಗುಡಿಸಿ, ನೀವು ಕಣ್ಣುಜ್ಜಿಕೊಂಡು ಬರುವ ಹೊತ್ತಿಗೆ ಎರಡನೇ ಕೊಡ ನೀರು ಹೊತ್ತು ತರುತ್ತಿದ್ದರೆ, ಅದನ್ನೇ ಬರೆಯಿರಿ.